ಆಮೇಲೆ

ಜನವರಿ 9
ಹಡಗಿನಿಂದ

ಅಕ್ಕನಿಗೆ ನಿನ್ನ ಗುಬ್ಬಿ ಮಾಡುವ ನಮಸ್ಕಾರಗಳು.

ಫೋನ್ ಬೇಡ, ಕಾಗದ ಬರಿ ಅಂದೆಯಲ್ಲ, ಬರೆಯುತ್ತಿದ್ದೇನೆ. ಫೋನ್ ಬಂದರೆ ಭಾವ ಮಾತಾಡಲು ಹೋಗಿ, ಮಾತು ಹೊರಡದೆ, ಮುಖ ಕೆಂಪಗೆ ಮಾಡಿಕೊಂಡು ಅದನ್ನು ನೆಲಕ್ಕೆ ಎಸೆದದ್ದು ನಾನೂ ನೋಡಿದ್ದೇನೆ. ಕಾಗದವಾದರೆ ಯಾರೂ ತಕ್ಷಣ ಉತ್ತರ ಕೊಡಬೇಕಾಗಿಲ್ಲ. ನಾಳೆ ಮೊದಲನೇ ದ್ವೀಪ ಬರುತ್ತದಂತೆ, ಅಲ್ಲಿ ಅಂಚೆಗೆ ಹಾಕುತ್ತೇನೆ. ನೀನು ಬರೆದದ್ದನ್ನು ಮುಂದಿನ ಬಂದರಿನಲ್ಲಿರುವ ಹಡಗು ಕಂಪನಿಯ ಏಜೆಂಟರ ಕಚೇರಿಗೆ ಕಳಿಸು. ವಿಳಾಸಗಳನ್ನು ನಿನ್ನ ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಇಟ್ಟು ಬಂದಿದ್ದೇನೆ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಟಿಕೆಟ್ಟಿನಲ್ಲಿ ನಿಮ್ಮಿಬ್ಬರ ಹೆಸರು ತೆಗೆದು ನಮ್ಮಿಬ್ಬರ ಹೆಸರು ಹಾಕಿಕೊಟ್ಟರಲ್ಲ, ಕಂಪನಿಯವರು ಹೆಸರು ಮಾತ್ರ ಬದಲಾಯಿಸಿದ್ದಾರೆ. ಮೂವತ್ತನೇ ಮದುವೆ ವಾರ್ಷಿಕೋತ್ಸವ ಅಂತ ನೀನು ಬರೆಸಿದ್ದು ಹಾಗೇ ಉಳಿದುಬಿಟ್ಟಿದೆ. ರೂಮಿನ ಬಾಗಿಲು ತೆಗೆದರೆ ಹಾಸಿಗೆಯ ಮೇಲೆ ಹೂವಿನ ಎಸಳಿನಲ್ಲಿ ದೊಡ್ಡದಾಗಿ ಮೂವತ್ತು ಅಂತ ಬರೆದಿತ್ತು. ರೂಮು ನೋಡಿಕೊಳ್ಳುವವರು, “ನಿಮ್ಮನ್ನ ನೋಡಿದ್ರೆ ಮದುವೆ ಆಗಿ ಮೂವತ್ತು ವರ್ಷ ಆಗಿದೆ ಅನ್ಸೋದೇ ಇಲ್ಲ ಮೇಡಂ” ಅಂದರು. ಅನ್ನಿಸುವುದಾದರೂ ಹೇಗೆ, ನಮಗಿನ್ನೂ ಇಪ್ಪತ್ತೂ ತುಂಬಿಲ್ಲ. ನಮ್ಮವರು, “ನನಗೆ ಅನ್ಸುತ್ತಪ್ಪಾ, ದಿನಾ ಅನ್ಸುತ್ತೆ” ಅಂದುಬಿಟ್ಟರು. ರೂಮಿನವರು ನಕ್ಕು ಹೋದರು. ಅದು ನಮ್ಮದಲ್ಲ, ನಮ್ಮ ಅಕ್ಕ ಭಾವನದು ಅಂತ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಆ ಹೂವಿನ ಮೇಲೆ ಹೇಗೆ ಮಲಗುವುದು ಹೇಳು? ಎಲ್ಲವನ್ನೂ ಬಳಿದು ಮೇಜಿನ ಮೇಲೆ ಇಟ್ಟೆ.

ಹಡಗಿನ ಬಗ್ಗೆ ಏನು ಬರೆಯಲಿ? ನೀನೇನೂ ಕಳೆದುಕೊಂಡಿಲ್ಲ ಅಕ್ಕ. ಹೊರಟಾಗಿನಿಂದ ತಲೆಸುತ್ತು, ವಾಂತಿ. ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ರೂಮು ಅನ್ನುವುದು ಬೆಂಕಿಪೊಟ್ಟಣ. ಒಂದು ದುಂಡನೆಯ ಕಿಟಕಿ, ಅದರಲ್ಲಿ ನೋಡಿದರೆ ಬರೀ ನೀರು. ಬೆಳಗಾದರೆ ಆ ನೀರಿನ ಬೆಳಕು ಛಾವಣಿಯ ಮೇಲೆ ಬಲೆ ಹಾಸಿದ ಹಾಗೆ ಅಲ್ಲಾಡುತ್ತಾ ನಿದ್ದೆ ಕೆಡಿಸುತ್ತದೆ. ಎದ್ದು ಕೂತು ಅದನ್ನೇ ನೋಡುತ್ತಿರಬೇಕು, ಬೇರೆ ಕೆಲಸವೇನಿದೆ? ಊಟಕ್ಕೆ ಹತ್ತಾರು ಬಗೆ ಇಟ್ಟಿರುತ್ತಾರೆ, ಒಂದಕ್ಕೂ ಉಪ್ಪಿಲ್ಲ, ಖಾರವಿಲ್ಲ. ನಮ್ಮವರು ಎರಡೆರಡು ಸಲ ಹಾಕಿಸಿಕೊಳ್ಳುತ್ತಾರೆ ಅನ್ನುವುದು ಬೇರೆ ಮಾತು. ಅಂದಹಾಗೆ, ಕನ್ನಡಕದ ಅಂಗಡಿಗೆ ಬೀಗ ಹಾಕಿ ಬಂದರೂ ಅವರು ಕಸುಬನ್ನು ಬಿಟ್ಟು ಬಂದಿಲ್ಲ. ಆ ಸಣ್ಣ ಸ್ಕ್ರೂಡ್ರೈವರ್ ಜೇಬಿನಲ್ಲೇ ಇದೆ. ಯಾರ ಕನ್ನಡಕ ಮೂಗಿನಿಂದ ಜಾರಿದರೂ ಇವರ ಕೈ ಕಡಿಯುತ್ತದೆ.

ಭಾವ ಹೇಗಿದ್ದಾರೆ? ನಾವು ಹೇಳಿ ಹೊರಡುವಾಗ ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದರು. ಅದೇ ಕಣ್ಣಿಗೆ ಕಟ್ಟಿದೆ.

ನಿನ್ನ
ಗುಬ್ಬಿ


ಜನವರಿ 17
ಮನೆಯಿಂದ

ಗುಬ್ಬಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಕಾಗದ ನಿನ್ನೆ ಬಂತು. ಕುಡಿದ ನೀರೂ ನಿಲ್ಲುತ್ತಿಲ್ಲ ಅಂದರೆ ಏನು ಗತಿ? “ಭಾವ ಹೀಗಿರೋವಾಗ ನಾವು ಮಜಾ ಮಾಡೋಕೆ ಹೋಗೋದು ಚೆನ್ನಾಗಿರಲ್ಲ ಅಕ್ಕ” ಅಂತ ನೀನು ಎಷ್ಟು ಸಲ ಹೇಳಿದೆ. ಟಿಕೆಟ್ಟು ವಾಪಸ್ ತಗೊಳ್ಳುವುದಿಲ್ಲ, ಹಾಳಾಗಬಾರದು ಅಂತ ಹಟ ಹಿಡಿದು ನಿನ್ನನ್ನು ಹಡಗಿಗೆ ತಳ್ಳಿದವಳು ನಾನು. ಟಿಕೆಟ್ಟು ಉಳಿಸಲು ಹೋಗಿ ನಿನ್ನ ಆರೋಗ್ಯ ಕೆಡಿಸಿದೆ. ಇನ್ನೂ ಹಾಗೇ ಇದ್ದರೆ ಒಳ್ಳೆಯ ಊರು ಇರುವ ಯಾವುದಾದರೂ ದ್ವೀಪದಲ್ಲಿ ಇಳಿದು ವಿಮಾನದಲ್ಲಿ ಬಂದುಬಿಡಿ. ನಾನೇನೂ ಅಂದುಕೊಳ್ಳುವುದಿಲ್ಲ.

ಇಲ್ಲಿ ಪರವಾಗಿಲ್ಲ. ನಿನ್ನ ಭಾವನ ಮಂಚವನ್ನು ಹೊಲಿಗೆ ಕೋಣೆಗೇ ತಂದುಕೊಂಡಿದ್ದೇನೆ. ನಾನು ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದರೆ ಅವರು ಎಡಗೈಯಲ್ಲಿ ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಾರೆ. ಲಕ್ವ ಹೊಡೆದ ಬಲಗೈ ಹಾಗೇ ಇದೆ. ಬಣ್ಣದ ಕಸುಬಿನವರಲ್ಲವೇ, ಬಿಳಿ ಗುಂಡಿಯಲ್ಲೇ ಮೂರು ಬಿಳಿ ಬೇರೆ ಮಾಡಿ, ಅದು ಇದಕ್ಕೆ ಸೇರುವುದಿಲ್ಲ ಅಂತ ಕಣ್ಣಲ್ಲೇ ಗದರಿಸಿ ನನ್ನ ಪ್ರಾಣ ತಿನ್ನುತ್ತಾರೆ.

ಒಂದು ಮಾತು ಬಂದಿದೆ. ಒಂದೇ ಒಂದು. ನೀವು ಹೋದ ನಾಲ್ಕೈದು ದಿನಕ್ಕೆ ಬಂತು. ಡಾಕ್ಟರು ಒಳ್ಳೆಯ ಲಕ್ಷಣ ಅಂದರು. ಯಾವ ಮಾತು ಅಂತ ಮಾತ್ರ ಕೇಳಬೇಡ, ನನಗೆ ಬರೆಯಲು ಆಗುವುದಿಲ್ಲ.

ನಿನ್ನ ಕಾಗದವನ್ನು ಅವರಿಗೆ ಓದಿ ಹೇಳುತ್ತೇನೆ. ಅದಕ್ಕೇ ಒಂದು ಕೆಲಸ ಹೇಳುತ್ತೇನೆ, ಕೈಲಾದರೆ ಮಾಡು. ಎಷ್ಟೋ ಹಡಗು ಇರುವಾಗ ಇವರಿಗೆ ಇದೇ ಯಾಕೆ ಬೇಕಿತ್ತು ಅಂತ ನಿನಗೆ ಗೊತ್ತು. ಹಡಗು ರಿಪೇರಿ ಮಾಡುವ ಡಾಕ್‌ಯಾರ್ಡಿನಲ್ಲಿ ಕೆಲಸಕ್ಕಿದ್ದಾಗ ಅದರ ಹೊಟ್ಟೆಗೆ ಬಣ್ಣ ಬಳಿದವರು ಇವರು. “ಜೀವಮಾನವೆಲ್ಲ ಹಡಗಿನ ಹೊಟ್ಟೆ ಕೆಳಗೇ ನಿಂತಿದೀನಿ ಕಣೇ. ಒಂದ್ಸಲ ಮೇಲೆ ನಿಂತು ಬಗ್ಗಿ ನೋಡ್ಬೇಕು” ಅನ್ನುತ್ತಿದ್ದರು. ಕೆಳಗಿನ ಕೆಂಪು ಬಣ್ಣ ಮುಗಿದು ಮೇಲಿನ ಬಿಳಿ ಶುರುವಾಗುತ್ತದಲ್ಲ, ಆ ನೀರಿನ ಗೆರೆ, ಅದು ಈಗ ಹೇಗಿದೆ ನೋಡಿ ಬರಿ. “ಆ ಗೆರೆ ನೋಡೋರು ಇಬ್ಬರೇ, ನಾನು ಮತ್ತೆ ಮೀನು” ಅಂತ ನಗುತ್ತಿದ್ದರು. ಈಗ ಮೀನು ಒಂದೇ ಉಳಿದಿದೆ.

ವಾಂತಿಗೆ ಒಣ ಶುಂಠಿ ಬಾಯಲ್ಲಿ ಇಟ್ಟುಕೋ.

ನಿನ್ನ
ಅಕ್ಕ


ಜನವರಿ 26
ಮೂರನೇ ದ್ವೀಪದ ಬಂದರು

ಅಕ್ಕನಿಗೆ ನಮಸ್ಕಾರ.

ಏಜೆಂಟರ ಕಚೇರಿಯಲ್ಲಿ ನಿನ್ನ ಕಾಗದ ಸಿಕ್ಕಿತು. ಹಗ್ಗದ ಸುರುಳಿಗಳ ಪಕ್ಕ ಒಂದು ಬೆಂಚಿತ್ತು, ಅಲ್ಲೇ ಕೂತು ಓದಿಕೊಂಡೆ.

ಭಾವನಿಗೆ ಮಾತು ಬಂದ ಸುದ್ದಿ ಓದಿ ಎದ್ದು ನಿಂತುಬಿಟ್ಟೆ ಅಕ್ಕ! ಯಾವ ಮಾತು ಅಂತ ನನಗೆ ಗೊತ್ತಾಯಿತು ಬಿಡು. ಬರೆಯಲು ಆಗುವುದಿಲ್ಲ ಅಂತ ನೀನು ನಾಚಿಕೊಂಡರೆ ಅದು ಇನ್ನೇನು, ನಿನ್ನ ಹೆಸರೇ. ಮದುವೆಯಾದಾಗಿನಿಂದ ನಿನ್ನನ್ನು “ಏ”, “ಇವಳೇ” ಅಂತ ಕೂಗಿಕೊಂಡು ಬಂದವರು ಈಗ ಹೆಸರು ಹಿಡಿದು ಕರೆದರೆ ನಿನಗೆ ಹೇಗಾಗಿರಬೇಡ! ನಮ್ಮವರಿಗೆ ಹೇಳಿದೆ. ಅವರು ಕಣ್ಣು ಒರೆಸಿಕೊಂಡರು, ಎದುರಿಗೆ ಕೂತಿದ್ದ ಏಜೆಂಟರ ಕನ್ನಡಕ ಈಸಿಕೊಂಡು ಅದನ್ನೂ ಒರೆಸಿಕೊಟ್ಟರು.

ಇಳಿದು ಬಂದುಬಿಡಿ ಅಂದಿದ್ದೀಯ. ಬಂದುಬಿಡಬಹುದು. ಆದರೆ ನಮ್ಮವರಿಗೆ ಇಲ್ಲಿ ಗಿರಾಕಿಗಳು ಹುಟ್ಟಿಕೊಂಡಿದ್ದಾರೆ. ಬೆಳಿಗ್ಗೆ ತಿಂಡಿ ಮುಗಿಸಿ ಡೆಕ್ಕಿನ ಮೇಲೆ ಕೂತರೆ ಸಡಿಲ ಕನ್ನಡಕ ಹಿಡಿದುಕೊಂಡು ಜನ ಸಾಲುಗಟ್ಟುತ್ತಾರೆ. ಅವರ ಮುಖ ಇಷ್ಟು ಗೆಲುವಾಗಿ ನಾನು ನೋಡಿರಲಿಲ್ಲ. ಅವರಿಗೋಸ್ಕರ ಸಹಿಸಿಕೊಂಡಿದ್ದೇನೆ.

ನನ್ನ ಪಾಡು ಮಾತ್ರ ಅದೇ. ಎರಡನೇ ದ್ವೀಪದಲ್ಲಿ ಇಳಿದರೆ ಮರಳು ಕಾದ ಬಾಣಲೆ. ಸೊಳ್ಳೆಗಳು ನನ್ನನ್ನೇ ಹುಡುಕಿಕೊಂಡು ಬರುತ್ತವೆ. ನೀರು ಎಷ್ಟು ತಿಳಿ ಅಂದರೆ ಕುತ್ತಿಗೆಯವರೆಗೆ ನಿಂತರೂ ಕಾಲಿನ ಉಗುರು ಕಾಣುತ್ತದೆ, ಕಂಡು ಏನಾಗಬೇಕು? ಸಣ್ಣ ಹಳದಿ ಮೀನುಗಳು ಬಂದು ಹಿಮ್ಮಡಿಗೆ ಮುತ್ತಿಕ್ಕಿ ಕಾಟ ಕೊಡುತ್ತವೆ. ಮಳೆ ಇದ್ದಕ್ಕಿದ್ದ ಹಾಗೆ ಸುರಿದು, ಬಟ್ಟೆಯೆಲ್ಲ ನೆನೆದು, ಎಲ್ಲರೂ ಒಂದೇ ತಗಡಿನ ಸೂರಿನ ಕೆಳಗೆ ನುಗ್ಗಿ, ಯಾರೋ ಹಾಡಲು ಶುರುಮಾಡಿ, ಒಟ್ಟಿನಲ್ಲಿ ಬರೀ ಗೋಳು.

ಗೆರೆ ನೋಡಲು ಆಗಲಿಲ್ಲ ಅಕ್ಕ. ಕಂಬಿಯ ಹತ್ತಿರ ಹೋಗಿ ಬಗ್ಗಿದರೆ ತಲೆ ತಿರುಗುತ್ತದೆ. ಭಾವನಿಗೆ ಬೇಜಾರಾಗದ ಹಾಗೆ ನೀನೇ ಏನಾದರೂ ಹೇಳು.

ನಿನ್ನ
ಗುಬ್ಬಿ


ಫೆಬ್ರವರಿ 3
ಮನೆಯಿಂದ

ಗುಬ್ಬಿ,

ನಿನ್ನ ಯಜಮಾನರು ತಮ್ಮ ಷಡ್ಡಕರಿಗೆ ಅಂತ ಒಂದು ಚಿತ್ರದ ಕಾರ್ಡು ಹಾಕಿದ್ದಾರೆ, ನಿನಗೆ ಗೊತ್ತಿದೆಯೋ ಇಲ್ಲವೋ. ನಿನ್ನ ಕಾಗದ, ಆ ಕಾರ್ಡು ಎರಡೂ ಒಂದೇ ದಿನ ಬಂದವು. ಮೊದಲು ನಿನ್ನದನ್ನು ಓದಿದೆ. ಮರಳು, ಸೊಳ್ಳೆ, ತಲೆಸುತ್ತು. ನಂತರ ಕಾರ್ಡು ತಿರುಗಿಸಿದೆ. “ಅಣ್ಣಾ, ಇಲ್ಲಿ ಸ್ವರ್ಗ. ಗುಬ್ಬಿ ನೀರಿಗೆ ಇಳಿದರೆ ಮೇಲೆ ಬರುವುದಿಲ್ಲ, ಕರೆದು ಕರೆದು ನನ್ನ ಗಂಟಲು ಹೋಗಿದೆ. ಡೆಕ್ಕಿನ ಮೇಲೆ ಕುಣಿದು ಚಪ್ಪಲಿ ಹರಿದುಕೊಂಡಳು. ಒಂದು ದಿನವೂ ತಲೆಸುತ್ತು ಅಂದಿಲ್ಲ, ಹಡಗಿನಲ್ಲೇ ಹುಟ್ಟಿದವಳ ಹಾಗಿದ್ದಾಳೆ. ನೀವಿಬ್ಬರೂ ಇರಬೇಕಿತ್ತು.”

ಅವರ ಮೇಲೆ ರೇಗಬೇಡ. ಆ ಮನುಷ್ಯನಿಗೆ ಸ್ಕ್ರೂ ಬಿಗಿ ಮಾಡುವುದು ಗೊತ್ತು, ಬಾಯಿ ಬಿಗಿ ಮಾಡುವುದು ಗೊತ್ತಿಲ್ಲ. ನಿನ್ನ ಮೇಲೆ ನಾನು ರೇಗುತ್ತೇನೆ. ನನಗೆ ಮೊದಲೇ ಅನುಮಾನ ಬರಬೇಕಿತ್ತು. ನಿಜವಾಗಿ ಹೊಟ್ಟೆನೋವು ಬಂದರೆ ಮೂಲೆ ಸೇರಿ ಉಸಿರೆತ್ತದೆ ಮಲಗುವವಳು ನೀನು. ಶಾಲೆ ತಪ್ಪಿಸುವ ದಿನ ಮಾತ್ರ ಬೀದಿಗೆಲ್ಲ ಕೇಳುವ ಹಾಗೆ ನರಳುತ್ತಿದ್ದೆ.

ನನಗೆ ಹೊಟ್ಟೆ ಉರಿಯುತ್ತದೆ ಅಂದುಕೊಂಡೆಯಾ? ಅಕ್ಕನನ್ನು ಅಷ್ಟು ಸಣ್ಣವಳು ಅಂದುಕೊಂಡೆಯಾ? ಇರಲಿ. ಈಗ ಆ ಮಾತು ಯಾವುದು ಅಂತ ಕೇಳು. ನನ್ನ ಹೆಸರಲ್ಲ. ನನ್ನ ಹೆಸರಾಗಿದ್ದರೆ ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದೆ.

ಇವರು ಕೆಲಸದಲ್ಲಿದ್ದಾಗಿನಿಂದ ಕೇಳುತ್ತಿದ್ದರು, ಒಂದು ಸಲ ಹಡಗಿನಲ್ಲಿ ಹೋಗೋಣ ಕಣೇ ಅಂತ. ನಾನು ಗುಂಡಿ ಹೊಲಿಯುತ್ತಾ, ತಲೆ ಕೂಡ ಎತ್ತದೆ, “ಆಮೇಲೆ” ಅನ್ನುತ್ತಿದ್ದೆ. ಶಾಲೆ ಶುರುವಾಗುವ ಹೊತ್ತು, ಯೂನಿಫಾರ್ಮಿನ ಕೆಲಸ ತಲೆ ಮೇಲಿದೆ, ಆಮೇಲೆ. ಮಗಳ ಮದುವೆ ಮುಗಿಯಲಿ, ಆಮೇಲೆ. ಮಂಡಿ ನೋವು, ಆಮೇಲೆ. ಕೊನೆಗೆ ಅವರು ಕೇಳುವುದನ್ನೇ ಬಿಟ್ಟರು. ಅದು ನೋಡಿ ನನಗೇ ಒಂಥರಾ ಆಗಿ ಈ ಟಿಕೆಟ್ಟು ತಂದೆ. ತಂದ ತಿಂಗಳಿಗೆ ಬಚ್ಚಲಿನಲ್ಲಿ ಬಿದ್ದರು.

ನೀವು ಹೇಳಿ ಹೋದ ಮೇಲೆ ಹಡಗಿನ ಮಾತೇ ಎತ್ತಬಾರದು ಅಂತಲೇ ಇದ್ದೆ. ತಡೆಯಲಾಗದೆ ಒಂದು ದಿನ, “ಹಡಗು ಹೊರಟಿತಂತೆ ರೀ” ಅಂದೆ. ಬಾಯಿ ತೆರೆದು, ಕಷ್ಟಪಟ್ಟು, ಅಷ್ಟು ದಿನದ ಮೇಲೆ ಮೊದಲನೇ ಮಾತು ಆಡಿದರು. “ಆಮೇಲೆ?” ಅಂದರು. ನನ್ನ ಕೈಯಿಂದ ಕತ್ತರಿ ಬಿತ್ತು. ಅಷ್ಟೂ ವರ್ಷ ನಾನು ಕೊಟ್ಟ ಮಾತನ್ನು ನನಗೇ ವಾಪಸ್ ಕೊಟ್ಟರು. ಅವತ್ತಿನಿಂದ ಅದೊಂದೇ. ಅನ್ನ ತಿನ್ನಿಸಿದರೆ “ಆಮೇಲೆ?”, ಮುಖ ಒರೆಸಿದರೆ “ಆಮೇಲೆ?”. ಪ್ರತಿ ಸಲವೂ ಕೆನ್ನೆಗೆ ಹೊಡೆದ ಹಾಗೆ ಆಗುತ್ತದೆ. ಹೊಡೆಯಲಿ, ನನಗೆ ಬರಬೇಕಾದ್ದೇ.

ನಿನ್ನ ಕಾಗದ ಬಂದಾಗಲಾದರೂ ಸಮಾಧಾನವಾಗಲಿ ಅಂತ ಓದಲು ಕೂತೆ. ಓದುವುದೇನು? ವಾಂತಿ. ಜೀವಮಾನವೆಲ್ಲ ಕನಸು ಕಂಡ ಹಡಗಿನಲ್ಲಿ ಬರೀ ವಾಂತಿ ಅಂತ ಆ ಮನುಷ್ಯನಿಗೆ ಓದಿ ಹೇಳಲೇ? ಕಾಗದವನ್ನು ಮುಖಕ್ಕೆ ಅಡ್ಡ ಹಿಡಿದು ಬಾಯಿಗೆ ಬಂದದ್ದು ಹೇಳಿದೆ. ಗುಬ್ಬಿ ಕುಣಿಯುತ್ತಿದ್ದಾಳಂತೆ ರೀ, ನೀರಿಗಿಳಿದರೆ ಮೇಲೆ ಬರುವುದಿಲ್ಲವಂತೆ, ನಿಮ್ಮ ಗೆರೆ ನೇರವಾಗಿ ಹೊಸದಾಗಿ ಇದೆಯಂತೆ ಅಂತ. ಸೂಜಿಯ ಕಣ್ಣಿಗಿಂತ ಆಚೆ ಏನೂ ನೋಡದವಳು ನಾನು, ದ್ವೀಪದ ಮೇಲೆ ದ್ವೀಪ ಕಟ್ಟಿದೆ. ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರೆ ಅವರು, “ಆಮೇಲೆ?” ಮತ್ತೆ ಇನ್ನೊಂದು ಸುಳ್ಳು.

ತಿರುಗಿ ಕೇಳಲು ಬಾಯಿಲ್ಲದ ಗಂಡನಿಗೆ ಸುಳ್ಳು ಓದಿದ್ದೇನೆ. ಅದರಲ್ಲಿ ಅರ್ಧ ನಿಜವೇ ಅಂತ ಈ ಕಾರ್ಡು ನೋಡಿ ಗೊತ್ತಾಯಿತು. ಕಾರ್ಡನ್ನು ಅವರಿಗೆ ತೋರಿಸಿಲ್ಲ. ತೋರಿಸುವ ಮುಖ ನನಗಿಲ್ಲ. ನೀನು ನಿಜ ಬರೆದಿದ್ದರೆ ನಾನು ಈ ಪಾಪ ಮಾಡಬೇಕಾಗಿರಲಿಲ್ಲ. ನನ್ನ ಮನಸ್ಸು ನೋಯಬಾರದು ಅಂತ ಯಾರು ಕೇಳಿದ್ದರು ನಿನ್ನನ್ನು?

ಅಕ್ಕ


ಫೆಬ್ರವರಿ 11
ಐದನೇ ದ್ವೀಪದ ಬಂದರು

ಅಕ್ಕಾ,

ಕ್ಷೇಮ ಸಮಾಚಾರ ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ. ಬೈದದ್ದು ಸಾಲದು, ಇನ್ನೂ ಬೈಯಬೇಕಿತ್ತು.

ನಿನ್ನನ್ನು ಸಣ್ಣವಳು ಅಂದುಕೊಳ್ಳಲಿಲ್ಲ ಅಕ್ಕ. ಹೊಟ್ಟೆ ಉರಿದದ್ದು ನನಗೆ. ನೀನು ಟಿಕೆಟ್ಟು ತಂದು ಮೇಜಿನ ಮೇಲಿಟ್ಟ ದಿನ ಮೇಲೆ ಮೇಲೆ ನಗುತ್ತಾ, ಒಳಗೊಳಗೇ ಬೆಂದುಹೋದೆ. ಇವರಿಗೊಂದು ಹಡಗು, ನನಗೆ ಅದೇ ಕನ್ನಡಕದ ಅಂಗಡಿಯ ಗಾಜು ಒರೆಸುವ ಬಟ್ಟೆ ಅಂದುಕೊಂಡೆ. ತಿಂಗಳಿಗೆಲ್ಲ ಭಾವ ಬಿದ್ದರು, ಟಿಕೆಟ್ಟು ನನ್ನ ಮಡಿಲಿಗೆ ಬಂತು. ಬೇಡ ಬೇಡ ಅಂದೆನಲ್ಲ, ಅದು ಒಳ್ಳೆಯತನವಲ್ಲ, ಭಯ. ನಾನು ಆಸೆಪಟ್ಟು ಕಿತ್ತುಕೊಂಡ ಹಾಗೆ ಅನ್ನಿಸುತ್ತಿತ್ತು. ಇಲ್ಲಿಗೆ ಬಂದು ಖುಷಿ ಆದಷ್ಟೂ ಕಳ್ಳತನ ಮಾಡಿದ ಹಾಗಾಗುತ್ತಿತ್ತು. ಚೆನ್ನಾಗಿಲ್ಲ ಅಂತ ನಿನಗೆ ಬರೆದ ದಿನ ಮಾತ್ರ ಸ್ವಲ್ಪ ನಿದ್ದೆ ಬರುತ್ತಿತ್ತು. ನನ್ನ ನಿದ್ದೆಗೋಸ್ಕರ ನಿನಗೂ ಭಾವನಿಗೂ ಮೋಸ ಮಾಡಿದೆ. ಇದಕ್ಕೆ ಕ್ಷಮೆ ಕೇಳಲೂ ನಾಚಿಕೆ.

ಮೂರು ದಿನದ ಹಿಂದೆ ನಿಮ್ಮ ಮದುವೆಯ ದಿನ ಬಂತಲ್ಲ. ಊಟದ ಕೋಣೆಯಲ್ಲಿ ದೀಪ ಆರಿಸಿ, ಕೇಕು ತಂದು ನಮ್ಮ ಮುಂದೆ ಇಟ್ಟು, ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಅಲ್ಲಿದ್ದ ಅರ್ಧ ಜನರ ಕನ್ನಡಕಗಳು ನಮ್ಮವರ ಕೈಯಿಂದ ಬಿಗಿಯಾದವು, ಆದ್ದರಿಂದ ಚಪ್ಪಾಳೆಯೂ ಜೋರು. ಚಾಕು ನನ್ನ ಕೈಗೆ ಕೊಟ್ಟರು. ಅಳುತ್ತಾ ಕೇಕನ್ನು ವಕ್ರವಾಗಿ ಕತ್ತರಿಸಿದೆ. “ಸಂತೋಷಕ್ಕೆ ಅಳ್ತಿದಾರೆ” ಅಂದರು ಪಕ್ಕದವರು. ಆಗ ನಮ್ಮವರು ಎದ್ದು ನಿಂತು, “ಇದು ನಮ್ಮದಲ್ಲ, ಇವಳ ಅಕ್ಕ ಭಾವಂದು. ಅವರಿಗೆ ಬರೋಕೆ ಆಗಲಿಲ್ಲ” ಅಂದುಬಿಟ್ಟರು. ನಂತರ ಮೂಲೆಯಿಂದ ಒಬ್ಬರು ಮುದುಕಿ, “ಹಾಗಾದ್ರೆ ಅವರಿಗೇ ಇನ್ನೊಂದ್ಸಲ” ಅಂದರು, ಎಲ್ಲರೂ ಮತ್ತೆ ತಟ್ಟಿದರು. ಬಾಯಿ ಬಿಗಿ ಇಲ್ಲದ ಮನುಷ್ಯ ಅಂದೆಯಲ್ಲ, ಆವತ್ತು ಅವರ ಬಾಯಿ ನನ್ನ ಮಾನ ಕಾಪಾಡಿತು.

ಈಗ ಭಾವನಿಗೆ ಓದಿ ಹೇಳು. ಇದು ಅವರಿಗೆ.

ಭಾವ, ನಾನು ಗೆರೆ ನೋಡಿದೆ. ಈ ದ್ವೀಪದಲ್ಲಿ ದೊಡ್ಡ ಹಡಗು ದಡಕ್ಕೆ ಹೋಗುವಷ್ಟು ಆಳವಿಲ್ಲ. ದೂರದಲ್ಲೇ ಲಂಗರು ಹಾಕಿ ನಮ್ಮನ್ನು ಸಣ್ಣ ದೋಣಿಗೆ ಇಳಿಸಿದರು. ದೋಣಿ ನಡೆಸುವವರಿಗೆ ನಿಮ್ಮ ಕೆಲಸ ಏನು ಅಂತ ಹೇಳಿ, ಸ್ವಲ್ಪ ಹತ್ತಿರ ಹೋಗಿ ಅಂತ ಗೋಗರೆದೆ. ಹತ್ತಿರ ಹೋದರು. ತಲೆ ಎತ್ತಿದರೆ ಆಕಾಶವೇ ಇಲ್ಲ, ಬರೀ ಬಿಳಿ ಗೋಡೆ. ಇದರ ಕೆಳಗೆ ನಿಂತು ಕುತ್ತಿಗೆ ಹಿಂದಕ್ಕೆ ಬಾಗಿಸಿ ಹೇಗೆ ಬಳಿದಿರೋ ಭಾವ! ಅಲೆ ಇಳಿದಾಗ ಕೆಂಪು ಕಾಣುತ್ತದೆ, ಏರಿದಾಗ ಮುಚ್ಚಿಹೋಗುತ್ತದೆ. ನಡುವೆ ನಿಮ್ಮ ಗೆರೆ. ಕೈ ಚಾಚಿ ಮುಟ್ಟಿದೆ. ಹೊಸದಾಗಿ ಏನೂ ಇಲ್ಲ. ಅಕ್ಕ ಸುಳ್ಳು ಹೇಳಿದ್ದಾಳೆ. ಪಾಚಿ ಕಟ್ಟಿದೆ, ಚಿಪ್ಪು ಹಿಡಿದಿದೆ, ಒಂದು ಕಡೆ ಬಣ್ಣ ಹಪ್ಪಳದ ಹಾಗೆ ಎದ್ದಿದೆ. ಕೆಳಗಿನ ತುಕ್ಕು ಕೆರೆಯದೆ ಮೇಲೆ ಮೇಲೆ ಬಳಿದಿದ್ದಾರೆ, ಬೆರಳು ತಾಗಿಸಿದರೆ ಉದುರುತ್ತದೆ. ನಿಮ್ಮ ನಂತರ ಬಂದವರ ಕೆಲಸ ನಿಮ್ಮದರ ಹಾಗಿಲ್ಲ. ಆ ಹಳದಿ ಮೀನುಗಳು ಅಲ್ಲೇ ಓಡಾಡುತ್ತಿದ್ದವು. ಗೆರೆ ನೋಡುವವರು ಇಬ್ಬರೇ ಅಲ್ಲ ಭಾವ, ಈಗ ನಾನೂ ಇದ್ದೇನೆ.

ಮತ್ತೆ ನಿನಗೆ ಅಕ್ಕ. ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ನೀನು ಆಡಿದ ‘ಆಮೇಲೆ’ಗಳನ್ನು ಬರೆಯುವಾಗ ಮುಂದೆ ಏನೂ ಹಾಕಿಲ್ಲ. ಭಾವ ಆಡಿದ್ದನ್ನು ಬರೆದ ಕಡೆಯೆಲ್ಲ, ಎಲ್ಲ ಕಡೆಯೂ, ಪ್ರಶ್ನೆಚಿಹ್ನೆ ಹಾಕಿದ್ದೀಯ. ನೀನು ಬೇಕಂತ ಹಾಕಿದ್ದಲ್ಲ. ನಿನ್ನ ಕಿವಿ ಕೇಳಿದ್ದನ್ನು ಕೈ ಬರೆದಿದೆ, ಮನಸ್ಸು ಮಾತ್ರ ಕೇಳಿಸಿಕೊಂಡಿಲ್ಲ. ಅದು ನಿನ್ನ ‘ಆಮೇಲೆ’ ಅಲ್ಲ ಅಕ್ಕ. ಚಿಕ್ಕವರಿದ್ದಾಗ ಅಜ್ಜಿ ಕತೆ ನಿಲ್ಲಿಸಿದರೆ ನಾವಿಬ್ಬರೂ ಹೊದಿಕೆ ಕಿತ್ತು ಕೇಳುತ್ತಿದ್ದೆವಲ್ಲ, ಅದು. ಹಡಗು ಹೊರಟಿತಂತೆ ಅಂದೆ, ಮುಂದೇನಾಯಿತು ಅಂತ ಕೇಳಿದರು. ಅವರು ನಿನ್ನನ್ನು ಹೊಡೆಯುತ್ತಿಲ್ಲ, ಕತೆ ಕೇಳುತ್ತಿದ್ದಾರೆ.

ನಾನು ದೂರದಲ್ಲಿ ಕೂತು ಹೇಳುತ್ತಿದ್ದೇನೆ, ತಪ್ಪಿದ್ದರೂ ಇರಬಹುದು. ಒಂದು ಸಲ ಅವರ ಮುಖ ನೋಡಿಕೊಂಡು ಕೇಳಿಸಿಕೋ.

ನಿನ್ನ
ಗುಬ್ಬಿ


ಫೆಬ್ರವರಿ 19
ಮನೆಯಿಂದ

ಗುಬ್ಬಿಗೆ ಆಶೀರ್ವಾದಗಳು.

ಇದು ನಿನಗೆ ಕೊನೆಯ ಬಂದರಿನಲ್ಲಿ ಸಿಗುತ್ತದೆ ಅಂದುಕೊಂಡಿದ್ದೇನೆ. ಸಿಗದಿದ್ದರೆ ಮನೆಗೆ ಬಂದಾಗ ನಾನೇ ಓದಿ ಹೇಳುತ್ತೇನೆ. ಈಗ ಓದುವುದು ಅಭ್ಯಾಸವಾಗಿದೆ.

ಹೊಟ್ಟೆ ಉರಿಯ ವಿಷಯ ಇಬ್ಬರೂ ಇಲ್ಲಿಗೇ ಬಿಡೋಣ. ಆಸೆಪಟ್ಟ ಮಾತ್ರಕ್ಕೆ ಯಾರೂ ಬಚ್ಚಲಿನಲ್ಲಿ ಬೀಳುವುದಿಲ್ಲ. ಹಾಗಿದ್ದಿದ್ದರೆ ನಿನ್ನ ಮದುವೆಯ ಸೀರೆ ನೋಡಿ ನಾನು ಪಟ್ಟ ಆಸೆಗೆ ನೀನು ಯಾವತ್ತೋ ಬಿದ್ದು ಮಂಡಿ ಒಡೆದುಕೊಳ್ಳಬೇಕಿತ್ತು.

ನಿನ್ನೆ ಮಧ್ಯಾಹ್ನ ಮೆಷಿನ್ ನಿಲ್ಲಿಸಿ, ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ಮೊದಲು ತಪ್ಪೊಪ್ಪಿಕೊಂಡೆ. “ಇಷ್ಟು ದಿನ ನಾನು ಓದಿದ್ದು ಗುಬ್ಬಿ ಬರೆದದ್ದಲ್ಲ ರೀ, ನಾನೇ ಕಟ್ಟಿದ್ದು” ಅಂದೆ. ಅವರು ಎಡಗೈಯಿಂದ ದಿಂಬಿನ ಕೆಳಗೆ ತಡಕಿ ನಿನ್ನ ಮೊದಲನೇ ಕಾಗದ ತೆಗೆದರು. ಅದು ಅಲ್ಲಿದ್ದದ್ದೇ ನನಗೆ ಗೊತ್ತಿರಲಿಲ್ಲ. ನನ್ನ ಮುಖದ ಮುಂದೆ ಹಿಡಿದು, ಹಾಳೆಯನ್ನು ಈ ಕಡೆಯಿಂದ ಆ ಕಡೆಗೆ ತಿರುಗಿಸಿ ತೋರಿಸಿದರು. ನಿನ್ನ ಅಕ್ಕನ ಬುದ್ಧಿ ನೋಡು, ಅವತ್ತು ಅಷ್ಟು ಹೊತ್ತು ಓದಿದವಳು ಒಂದು ಸಲವೂ ಹಾಳೆ ತಿರುಗಿಸಿರಲಿಲ್ಲ! ಮೊದಲನೇ ದಿನವೇ ಅವರಿಗೆ ಗೊತ್ತಾಗಿದೆ. ಗೊತ್ತಾಗಿಯೂ ಬಿಡದೆ ಕೇಳಿಸಿಕೊಂಡಿದ್ದಾರೆ, ಬಿಡದೆ “ಆಮೇಲೆ?” ಅಂದಿದ್ದಾರೆ. ನಾನು ಕಟ್ಟಿದ ದ್ವೀಪಗಳೇ ಅವರಿಗೆ ಬೇಕಾಗಿದ್ದವೋ ಏನೋ.

ನಿನ್ನ ಯಜಮಾನರ ಕಾರ್ಡು ಕೊಟ್ಟೆ. ನಿನ್ನ ಕಾಗದ ಓದಿದೆ, ಹಾಳೆ ತಿರುಗಿಸುತ್ತಾ. ಕೇಕಿನ ಹತ್ತಿರ ಬಂದಾಗ ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ, ಅವರು ಕಾದರು. ಗೆರೆಯ ಹತ್ತಿರ ಬಂದಾಗ ಕಣ್ಣು ಮುಚ್ಚಿಕೊಂಡರು. ಮುಟ್ಟಿದೆ ಅಂತ ಓದಿದಾಗ ಎಡಗೈ ಹಾಸಿಗೆಯ ಮೇಲೆ ನಿಧಾನವಾಗಿ ಅಡ್ಡಕ್ಕೆ ಸರಿಯಿತು, ಬ್ರಶ್ ಎಳೆದ ಹಾಗೆ. ತುಕ್ಕು ಕೆರೆಯದೆ ಬಳಿದಿದ್ದಾರೆ ಅಂತ ಓದಿದ್ದೇ ತಡ, ಮುಖ ಸಿಂಡರಿಸಿದರು ನೋಡು, ಹಳೆಯ ಮೇಸ್ತ್ರಿ ಎದ್ದು ಬಂದ ಹಾಗಾಯಿತು. ನಾನು ನಕ್ಕುಬಿಟ್ಟೆ. ನಗುತ್ತಲೇ ನಿಲ್ಲಿಸಿದೆ. ಅವರು ನನ್ನ ಕಡೆ ತಿರುಗಿ, “ಆಮೇಲೆ?” ಅಂದರು. ಮುಖ ನೋಡಿಕೊಂಡು ಕೇಳಿಸಿಕೊಂಡೆ. ನೀನು ಹೇಳಿದ್ದು ಸರಿ. ಮೂರು ವರ್ಷದ ಮಗುವಿನ ಮುಖ ಅದು.

ಆದರೆ ಗುಬ್ಬಿ, ನಿನ್ನ ಪ್ರಶ್ನೆಚಿಹ್ನೆಯಿಂದ ನನ್ನ ತಪ್ಪು ತೊಳೆದು ಹೋಗುವುದಿಲ್ಲ. ಆ ಗೆರೆಯನ್ನು ನೀನು ಮುಟ್ಟಿದೆ. ಅವರ ಕೈ ಮುಟ್ಟಬೇಕಿತ್ತು. ಎರಡೂ ಕಾಲಲ್ಲಿ ನಿಂತು, ಕಂಬಿ ಹಿಡಿದು, ಬಗ್ಗಿ ನೋಡಬಹುದಾಗಿದ್ದ ದಿನಗಳು ಎಷ್ಟೊಂದಿದ್ದವು. ಆ ದಿನಗಳನ್ನು ನಾನೇ ಹೊಲಿದು ಮುಚ್ಚಿದೆ. ಅದು ನನ್ನ ಜೊತೆಗೇ ಇರುತ್ತದೆ.

ಸಂಜೆ ಮತ್ತೆ ಗುಂಡಿಯ ಡಬ್ಬಿ ಅವರ ಮುಂದೆ ಇಟ್ಟೆ. ಬಿಳಿ ಬೇರೆ, ನೀಲಿ ಬೇರೆ ಮಾಡುತ್ತಾ ಕೂತಿದ್ದರು. ನನಗೆ ಏನು ಬಂತೋ, ಮಂಚದ ಪಕ್ಕ ನೆಲದ ಮೇಲೆ ಕೂತು ಅವರ ಮಂಡಿ ಹಿಡಿದುಕೊಂಡು, “ನಾವಿಬ್ರೂ ಒಂದ್ಸಲ ಹೋಗೋಣ್ವಾ ರೀ? ಗಾಲಿ ಕುರ್ಚಿ ಆದ್ರೂ ಪರವಾಗಿಲ್ಲ, ನಾನು ತಳ್ಕೊಂಡು ಹೋಗ್ತೀನಿ. ಹೋಗೋಣ್ವಾ?” ಅಂದೆ.

ಅವರು ಒಂದು ಗುಂಡಿಯನ್ನು ಬೆಳಕಿಗೆ ಹಿಡಿದು ನೋಡಿದರು. ಅದನ್ನು ಬಿಳಿಯ ಗುಡ್ಡೆಗೆ ಹಾಕಿದರು. ತಲೆ ಎತ್ತದೆ, “ಆಮೇಲೆ” ಅಂದರು.

ಪ್ರಶ್ನೆಚಿಹ್ನೆ ಹಾಕಲು ಮರೆತಿಲ್ಲ ಗುಬ್ಬಿ. ಈ ಸಲ ಅದು ಇರಲಿಲ್ಲ. ನನ್ನದೇ ಧ್ವನಿ, ನನ್ನದೇ ಬಗ್ಗಿದ ತಲೆ. ನಂತರ ನೋಡುತ್ತೇನೆ, ಬಾಯಿಯ ಸರಿ ಇರುವ ಮೂಲೆ ಅದುರುತ್ತಿದೆ, ಹೆಗಲು ಕುಲುಕುತ್ತಿದೆ. ಮನುಷ್ಯ ನಗುತ್ತಿದ್ದಾರೆ! ಇಷ್ಟು ವರ್ಷ ಕಾದು, ಇರುವ ಒಂದೇ ಮಾತಿನಲ್ಲಿ ನನ್ನನ್ನು ಅಣಕಿಸುತ್ತಿದ್ದಾರೆ. ನಾನು ಅವರ ಮಂಡಿಯ ಮೇಲೆ ಮುಖ ಇಟ್ಟು ಅತ್ತೆ, ನಕ್ಕೆ, ಗುಂಡಿಯ ಡಬ್ಬಿ ಉರುಳಿ ಎಲ್ಲ ಬಣ್ಣವೂ ಮತ್ತೆ ಬೆರೆತುಹೋಯಿತು.

ಬೇಗ ಬಾ. ಬರುವಾಗ ಬಟ್ಟೆಗಂಟಿದ ಮರಳನ್ನು ಪೂರ್ತಿ ಕೊಡವಬೇಡ, ಸ್ವಲ್ಪ ಇರಲಿ. ಅವರಿಗೆ ಬಣ್ಣ ನೋಡಬೇಕಂತೆ.

ನಿನ್ನ
ಅಕ್ಕ